ಎತ್ತಿಗೆ ಸೋಮವಾರ, ಉಜ್ಜಪ್ಪನಿಗೆ ಯಾವತ್ತು?

ತಾಳಗುಂದದ ಉಜ್ಜಪ್ಪ ಊಟಕ್ಕೆ ಕೂತಲ್ಲಿಯೇ ನಿದ್ದೆ ಹೋದ. ಬಾಯಲ್ಲಿ ಒಂದು ತುತ್ತು, ಕೈಯಲ್ಲಿ ಅರ್ಧ ರೊಟ್ಟಿ. ಹೆಂಡತಿ ಗುತ್ಯಮ್ಮ ಒಳಗಿನಿಂದ ಪಲ್ಯ ತರುವಷ್ಟರಲ್ಲಿ ಮನೆಯ ಬೆಕ್ಕು ಆ ಅರ್ಧ ರೊಟ್ಟಿಯನ್ನು ಮೆಲ್ಲಗೆ ಎಳೆದುಕೊಂಡು ಮೂಲೆ ಸೇರಿತ್ತು.

"ಏನ್ರೀ, ರೊಟ್ಟಿ ಎಲ್ಲಿ?"

"ತಿಂದೆನಲ್ಲೇ," ಎಂದ ಉಜ್ಜಪ್ಪ, ಕಣ್ಣು ಬಿಡದೆ.

"ತಿಂದದ್ದು ನೀವಲ್ಲ. ತಿಂದೋರು ಅಲ್ಲಿ ಮೂಲ್ಯಾಗ ಮೀಸೆ ನೆಕ್ಕೊಂತ ಕೂತಾರೆ ನೋಡ್ರಿ."

ಗುತ್ಯಮ್ಮ ನಕ್ಕಳೇನೋ ಹೌದು, ಆದರೆ ಆ ನಗು ಅರ್ಧದಲ್ಲೇ ನಿಂತಿತು. ಮೊದಲೆಲ್ಲ ಈ ಮನುಷ್ಯ ನಾಲ್ಕು ರೊಟ್ಟಿ ಮುಗಿಸಿ, ಜಗಲಿಯ ಮೇಲೆ ಕೂತು ಹರಟೆ ಹೊಡೆಯುತ್ತಿದ್ದ. ಕೇಳುವವರಿಗೆ ಆಕಳಿಕೆ ಬರುತ್ತಿತ್ತೇ ಹೊರತು ಇವನಿಗೆ ಬರುತ್ತಿರಲಿಲ್ಲ. ಒಂದು ತಿಂಗಳಿನಿಂದ ಹೀಗಾಗಿದ್ದಾನೆ.

ಉಜ್ಜಪ್ಪನ ಕೆಲಸ ಶಿರಾಳಕೊಪ್ಪದ ಒಂದು ಅಕ್ಕಿ ಗಿರಣಿಯಲ್ಲಿ. ಚೀಲ ಬಿಚ್ಚಿ ಯಂತ್ರದ ಬಾಯಿಗೆ ಭತ್ತ ಸುರಿಯಬೇಕು. ಪಕ್ಕದಲ್ಲೇ ಇಂಜಿನ್ನಿನಿಂದ ಬರುವ ಅಗಲವಾದ ಬೆಲ್ಟು ಬುರ್ರೆಂದು ಓಡುತ್ತಿರುತ್ತದೆ. ಮೊದಲು ವಾರಕ್ಕೆ ಆರು ದಿನ, ಬೆಳಿಗ್ಗೆ ಎಂಟರಿಂದ ನಾಲ್ಕು ಗಂಟೆಯವರೆಗೆ ಕೆಲಸವಿತ್ತು. ಆದರೆ ನಮ್ಮ ಕಡೆ ಸೋಮವಾರ ಯಾರೂ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲವಲ್ಲ. ಹಾಗಾಗಿ ಆ ದಿನ ಗಿರಣಿಗೆ ಭತ್ತದ ಬಂಡಿಗಳೇ ಬರುತ್ತಿರಲಿಲ್ಲ. ಇಂಜಿನ್ನು ಸುಮ್ಮನೆ ಎಣ್ಣೆ ಕುಡಿಯುತ್ತಿತ್ತು. ಮಾಲೀಕ ಚಂದ್ರಶೇಖರಪ್ಪನವರು ಯೋಚಿಸಿ ಹೊಸ ಏರ್ಪಾಡು ಮಾಡಿದರು. ಭಾನುವಾರದ ಜೊತೆಗೆ ಸೋಮವಾರವೂ ರಜೆ. ಉಳಿದ ಐದು ದಿನ ಎಂಟರಿಂದ ಸಂಜೆ ಆರರವರೆಗೆ ಕೆಲಸ. ನಡುವೆ ಊಟಕ್ಕೆ ಅರ್ಧ ಗಂಟೆ, ಹತ್ತೂವರೆಗೆ ಮತ್ತು ನಾಲ್ಕಕ್ಕೆ ಕಾಲು ಕಾಲು ಗಂಟೆ ಬಿಡುವು. ವಾರದ ಕೆಲಸ ಮೊದಲಿನಷ್ಟೇ, ಕೂಲಿಯೂ ಅಷ್ಟೇ.

ಸುದ್ದಿ ಕೇಳಿದ ದಿನ ಉಜ್ಜಪ್ಪನ ಕಾಲು ನೆಲದ ಮೇಲಿರಲಿಲ್ಲ.

"ಎರಡು ದಿನ ರಜಾ! ಆ ಎರಡು ದಿನದಾಗ ನಾನು ಇಬ್ರು ಆಳಿನ ಕೆಲಸ ತೆಗೀತೀನಿ ನೋಡು ಮಿಸ್ತ್ರಿಯಣ್ಣ."

ಇಂಜಿನ್ ನೋಡಿಕೊಳ್ಳುವ ಹುಚ್ಚರಾಯಪ್ಪ ಮಿಸ್ತ್ರಿ ಹಳೆಯ ಆಸಾಮಿ. ಕೈ ಒರೆಸಿಕೊಳ್ಳುತ್ತ ಹೇಳಿದ, "ದಿನದ ಕೆಲಸ ಉದ್ದ ಆತಲ್ಲಪ್ಪ, ಅದಕ್ಕೇ ರಜಾ ಎರಡು ಮಾಡ್ಯಾರೆ. ಮೈಗೂ ಸ್ವಲ್ಪ ಕೊಡು."

"ಹಗಲು ಹೊತ್ತು ಮಲಗೋಕೆ ನಾನೇನು ಬಾಣಂತಿನಾ?" ಎಂದು ಉಜ್ಜಪ್ಪ ನಕ್ಕುಬಿಟ್ಟ.

ಹೇಳಿದಂತೆಯೇ ಮಾಡಿದ, ಪುಣ್ಯಾತ್ಮ. ಭಾನುವಾರ ಬೆಳಗಿನಿಂದ ಕತ್ತಲಾಗುವವರೆಗೆ ಬಂಡಿಯಲ್ಲಿ ಹೊಲಕ್ಕೆ ಗೊಬ್ಬರ ಹೊಡೆದ. ಸೋಮವಾರ ಎತ್ತು ಹೂಡುವಂತಿಲ್ಲ, ಆದರೆ ತಿಪ್ಪೆಯಲ್ಲಿ ಗೊಬ್ಬರ ಇನ್ನೂ ಇದೆ. ಬುಟ್ಟಿಗೆ ತುಂಬಿ ತಾನೇ ತಲೆಯ ಮೇಲೆ ಹೊತ್ತ. ಎತ್ತುಗಳೆರಡೂ ಹುಣಸೆ ಮರದ ನೆರಳಲ್ಲಿ ಮೆಲುಕು ಹಾಕುತ್ತ, ಹೋಗುತ್ತ ಬರುತ್ತ ಬೆವರುವ ಯಜಮಾನನನ್ನು ನೋಡುತ್ತಿದ್ದವು. ಮಂಗಳವಾರ ಬೆಳಿಗ್ಗೆ ಏಳಕ್ಕೇ ಮನೆ ಬಿಟ್ಟು ಗಿರಣಿಗೆ ಒಂದು ತಾಸು ನಡೆದ. ನಾಲ್ಕು ವಾರ ಹೀಗೇ ನಡೆಯಿತು.

ಐದನೆಯ ವಾರ, ಬುಧವಾರ. ಸಂಜೆ ನಾಲ್ಕರ ಬಿಡುವಿಗೆ ಎಲ್ಲರೂ ಹೊರಗೆ ಹೋಗಿ ಕೂತರು. ಉಜ್ಜಪ್ಪ ಹೋಗಲಿಲ್ಲ. ಅವನ ಬುತ್ತಿ ಮಧ್ಯಾಹ್ನವೇ ಖಾಲಿ. ಮೊದಲಿನಂತೆ ಒಂದೇ ಹೊತ್ತಿನದು ಕಟ್ಟಿಸಿಕೊಂಡು ಬರುತ್ತಿದ್ದ. ಬರಿಗೈಯಲ್ಲಿ ಕೂರುವುದಕ್ಕಿಂತ ಚೀಲ ಬಿಚ್ಚಿಡೋಣವೆಂದು ಒಳಗೇ ಉಳಿದ. ಮತ್ತೆ ಯಂತ್ರ ಶುರುವಾದಾಗ ಕಣ್ಣು ಎಳೆಯತೊಡಗಿತು. ನಿಂತಲ್ಲೇ ಒಮ್ಮೆ ವಾಲಿದ. ಹೆಗಲ ಮೇಲಿದ್ದ ಟವೆಲ್ಲಿನ ತುದಿ ಬೆಲ್ಟಿಗೆ ಸಿಕ್ಕಿತು.

ಹುಚ್ಚರಾಯಪ್ಪ ಹಿಂದಿನಿಂದ ಸೊಂಟ ಹಿಡಿದು ಎಳೆದುಹಾಕದಿದ್ದರೆ ಈ ಕಥೆಯನ್ನು ಬೇರೆ ರೀತಿ ಬರೆಯಬೇಕಾಗುತ್ತಿತ್ತು. ಇಬ್ಬರೂ ಹೊಟ್ಟಿನ ರಾಶಿಯ ಮೇಲೆ ಬಿದ್ದರು. ಟವೆಲ್ಲು ಚಕ್ರ ಸುತ್ತಿ, ಚಿಂದಿ ಚಿಂದಿಯಾಗಿ ಆಚೆ ಬಂತು.

"ಬೆಲ್ಟಿಗೆ ಟವೆಲ್ ಯಾವುದು, ಕೈ ಯಾವುದು ಅಂತ ಗೊತ್ತಾಗಲ್ಲ ಮಾರಾಯ!" ಹುಚ್ಚರಾಯಪ್ಪ ಮೈಮೇಲಿನ ಹೊಟ್ಟು ಕೊಡವುತ್ತ ಗದರಿದ. "ಈ ವಾರ ಯಂತ್ರದ ಹತ್ರ ಬರಬ್ಯಾಡ, ಚೀಲ ಹೊಲಿ. ಮಂಗಳವಾರ ಕಣ್ಣು ನೆಟ್ಟಗಿದ್ರೆ ಬಾ. ಇಲ್ಲಾಂದ್ರೆ ಮಾಲೀಕರಿಗೆ ಹೇಳಿ ನಾನೇ ನಿನ್ನ ಕೆಲಸ ಬಿಡಿಸ್ತೀನಿ. ಕೆಲಸ ಹೋದ್ರೆ ಇನ್ನೊಂದು ಸಿಗ್ತೈತೆ, ಕೈ ಹೋದ್ರೆ ಎಲ್ಲಿಂದ ತರ್ತೀ?"

ಮನೆಗೆ ಬಂದ ಉಜ್ಜಪ್ಪ ನಡೆದದ್ದನ್ನು ಮುಚ್ಚಿಡಲಿಲ್ಲ. ಆದರೆ ಅವನ ಸಿಟ್ಟೆಲ್ಲ ಹೊಸ ಏರ್ಪಾಡಿನ ಮೇಲೆ.

"ಎಂಟರಿಂದ ಆರು ಅಂದ್ರೆ ಮನುಷ್ಯರು ಮಾಡೋ ಕೆಲಸ ಅಲ್ಲ ಅದು. ಮೊದಲಿನಂಗೇ ಆರು ದಿನ ಮಾಡ್ರಿ ಅಂತ ಕೇಳ್ತೀನಿ. ಆಗಲ್ಲ ಅಂದ್ರೆ ಬಿಟ್ಟು ಬರ್ತೀನಿ."

"ಉಳಿದೋರೆಲ್ಲ ಮಾಡ್ತಿಲ್ವಾ? ಅವರ ಟವೆಲ್ಲು ಅವರ ಹೆಗಲ ಮ್ಯಾಲೇ ಐತಲ್ಲ?" ಎಂದಳು ಗುತ್ಯಮ್ಮ.

ಭಾನುವಾರ ಬ್ಲಾಕ್ ಆಫೀಸಿನ ಗ್ರಾಮಸೇವಕಿ ಶಕುಂತಲಮ್ಮ ಊರಿಗೆ ಬಂದಿದ್ದರು. ಗುತ್ಯಮ್ಮ ಅವರನ್ನು ಕೈ ಹಿಡಿದೇ ಮನೆಗೆ ಕರೆತಂದಳು. ಅಂಗಳದಲ್ಲಿ ಉಜ್ಜಪ್ಪ ಬಂಡಿ ಹೂಡುತ್ತಿದ್ದ.

"ಬರ್ರಿ ಅಕ್ಕೋರೆ. ನನ್ನ ಮ್ಯಾಲೆ ಫಿರ್ಯಾದು ಬಂದೈತೇನು?"

"ಬಂದಿದೆ ಉಜ್ಜಪ್ಪನವರೆ," ಶಕುಂತಲಮ್ಮ ನಕ್ಕರು. "ಅದಿರಲಿ, ಎತ್ತು ಚೆನ್ನಾಗಿವೆ. ನಾಳೇನೂ ಹೂಡ್ತೀರಾ?"

ಉಜ್ಜಪ್ಪ ಗಾಬರಿಯಾದ. "ಛೆ ಛೆ, ನಾಳೆ ಸೋಮವಾರ! ಎಲ್ಲಾದ್ರೂ ಉಂಟೇನ್ರೀ?"

"ಯಾಕೆ, ಒಂದು ದಿನ ಹೂಡಿದ್ರೆ ಏನಾಗುತ್ತೆ?"

"ದೇವರು ಮೆಚ್ಚೋದಿಲ್ಲ, ಅದೊಂದು. ಇನ್ನೊಂದು, ವಾರವೆಲ್ಲ ದುಡೀತಾವೆ, ಬಾಯಿಲ್ಲದ ಜೀವ. ಒಂದು ದಿನಾನಾದ್ರೂ ಹೆಗಲು ಆರಬೇಕಲ್ರೀ. ಇಲ್ಲಾಂದ್ರೆ ನಡುದಾರ್ಯಾಗ ಕಾಲು ಮಡಚಿ ಮಲಗಿಬಿಡ್ತಾವೆ."

ಗುತ್ಯಮ್ಮನಿಗೆ ಇನ್ನು ತಡೆಯಲಾಗಲಿಲ್ಲ. "ಎತ್ತಿನ ವಿಷಯ ಇಷ್ಟು ಗೊತ್ತೈತಿ! ಎತ್ತಿಗೆ ಸೋಮವಾರ ಐತೆ, ನಿಮಗೆ ಯಾವತ್ತು? ಎತ್ತು ಹೊರದ ಗೊಬ್ಬರಾನ ನೀವು ತಲೆ ಮ್ಯಾಲೆ ಹೊತ್ತು, ಮಾರನೇ ದಿನ ಬೆಲ್ಟಿನ ಪಕ್ಕ ತೂಕಡಿಸ್ತೀರಿ. ನಡುದಾರ್ಯಾಗ ಮಲಗಿದ ಎತ್ತನ್ನ ಎಬ್ಬಿಸಬಹುದು. ನಿಮ್ಮನ್ನ ಆ ಚಕ್ರದಾಗಿಂದ ಯಾರು ಎಬ್ಬಿಸಬೇಕು?"

ಉಜ್ಜಪ್ಪ ಎತ್ತಿನ ಕೊರಳ ಹಗ್ಗವನ್ನು ಸುಮ್ಮನೆ ಬಿಗಿ ಮಾಡಿದ, ಸಡಿಲ ಮಾಡಿದ.

"ಸರಿ ಕಣೇ. ಆದ್ರೆ ಗೊಬ್ಬರ ತಾನಾಗೇ ನಡ್ಕೊಂಡು ಹೊಲಕ್ಕೆ ಹೋಗ್ತೈತಾ?"

"ಪಕ್ಕದ ಮನೆ ಮಾರಪ್ಪನವರದ್ದೂ ಬಂಡಿ ಇದೆಯಲ್ಲ," ಎಂದರು ಶಕುಂತಲಮ್ಮ. "ನಾಟಿಗೆ ನೀವು ಮುಯ್ಯಾಳು ಮಾಡ್ಕೊಳ್ಳೋದಿಲ್ವೇ? ಈ ಭಾನುವಾರ ಅವರು ನಿಮ್ಮ ಹೊಲಕ್ಕೆ, ಬರೋ ಭಾನುವಾರ ನೀವು ಅವರ ಹೊಲಕ್ಕೆ. ಎರಡು ಬಂಡಿ ಹೊಡೆದ್ರೆ ಮಧ್ಯಾಹ್ನಕ್ಕೇ ಮುಗಿಯುತ್ತೆ. ಸೋಮವಾರ ಗುದ್ದಲೀನೂ ಬೇಡ, ಬುಟ್ಟೀನೂ ಬೇಡ."

"ಗಿರಣ್ಯಾಗಿನ ನಿದ್ದೆಗೆ?"

"ನಾಲ್ಕು ಗಂಟೆಗೆ ಏನು ತಿಂತೀರಿ?"

"ಏನಿರ್ತೈತೆ ತಿನ್ನೋಕೆ!"

"ನೋಡಿ ಮತ್ತೆ. ಕೆಲಸ ಆರರವರೆಗೆ, ಹೊಟ್ಟೆ ಮಾತ್ರ ಹಳೇ ಲೆಕ್ಕದಲ್ಲಿದೆ. ಬುತ್ತಿ ಎರಡು ಕಟ್ಟಿಸ್ಕೊಳ್ಳಿ. ಬಿಡುವು ಕೊಟ್ಟಾಗ ಹೊರಗೆ ಹೋಗಿ ಕೂತ್ಕೊಳ್ಳಿ, ನೀರು ಕುಡೀರಿ. ಊಟ ಆದಮೇಲೆ ಹರಟೆ ಸ್ವಲ್ಪ ಕಡಿಮೆ ಮಾಡಿ, ಬೇಗ ಮಲಗಿ. ಅಷ್ಟಾಗಿಯೂ ಕಣ್ಣು ಎಳೆದ್ರೆ ಮಿಸ್ತ್ರಿಗೆ ಹೇಳಿ ಪಕ್ಕಕ್ಕೆ ಬನ್ನಿ. ನಾಚಿಕೆ ಪಡೋದಕ್ಕೆ ಅದೇನು ಕಳ್ಳತನವೇ? ಮತ್ತೆ ಟವೆಲ್ಲು ಗೂಟದ ಮೇಲಿರಲಿ, ಹೆಗಲ ಮೇಲೆ ಬೇಡ."

"ಇದ್ರೆ ತಾನೆ ಗೂಟಕ್ಕೆ ಹಾಕೋದು," ಎಂದು ಉಜ್ಜಪ್ಪ ಗೊಣಗಿದ. ಮೂವರೂ ನಕ್ಕರು. ಅಲ್ಲಿಗೆ ಅವನ ಬಿಗುಮಾನವೂ ಇಳಿಯಿತು.

ಶಕುಂತಲಮ್ಮ ಹೊರಡಲು ಎದ್ದವರು ಮತ್ತೆ ತಿರುಗಿದರು. "ಎರಡು ಬುತ್ತಿ ಅಂದೆ. ಗುತ್ಯಮ್ಮ, ನೀವು ಏಳೋದು ಎಷ್ಟು ಹೊತ್ತಿಗೆ?"

"ಐದಕ್ಕೆ. ಇನ್ನು ನಾಲ್ಕೂವರೆ ಆಗ್ತೈತೆ. ಆಗಲಿ ಬಿಡ್ರಿ."

"ನಿಮಗೆ ಸೋಮವಾರ ಯಾವತ್ತು?"

ಗುತ್ಯಮ್ಮ ಈ ಪ್ರಶ್ನೆಯನ್ನು ಗಂಡನಿಗೆ ಎಸೆದಿದ್ದಳೇ ಹೊರತು ತನಗೆ ಕೇಳಿಕೊಂಡಿರಲಿಲ್ಲ. ಉಜ್ಜಪ್ಪನೇ ಹೇಳಿದ, "ನಾಳೆ ನೀರು ನಾನು ತರ್ತೀನಿ. ಅನ್ನಾನೂ ನಾನೇ ಇಡ್ತೀನಿ. ನಗಬ್ಯಾಡ್ರಿ ಅಕ್ಕೋರೆ, ಬಂದೇ ಬರ್ತೈತೆ."

ಅವತ್ತು ಮಾರಪ್ಪನ ಬಂಡಿಯೂ ಕೂಡಿ, ಮಧ್ಯಾಹ್ನದ ಊಟದ ಹೊತ್ತಿಗೆ ತಿಪ್ಪೆ ಬರಿದಾಯಿತು.

ಸೋಮವಾರ ಗುತ್ಯಮ್ಮ ಹೊತ್ತು ಮೇಲೇರುವವರೆಗೂ ಮಲಗಿದಳು. ಮದುವೆಯಾಗಿ ಹನ್ನೆರಡು ವರ್ಷಕ್ಕೆ ಅದೇ ಮೊದಲು. ಮಜ್ಜಿಗೆ ಕೇಳಲು ಬಂದ ಪಕ್ಕದ ಮನೆಯ ಲೋಕಮ್ಮನನ್ನು ಉಜ್ಜಪ್ಪ ಬಾಗಿಲಲ್ಲೇ ತಡೆದು, ಬಾಯಿಯ ಮೇಲೆ ಬೆರಳಿಟ್ಟು ತೋರಿಸಿದ. ಲೋಕಮ್ಮ, "ಜ್ವರಾನೇನಪ್ಪ?" ಎಂದು ಪಿಸುಗುಟ್ಟಿದಳು. "ಇಲ್ಲ, ರಜಾ," ಎಂದ ಉಜ್ಜಪ್ಪ. ಲೋಕಮ್ಮ ಇಡೀ ಕೇರಿಗೆ ಆ ಸುದ್ದಿ ಹಂಚಿದಳು. ಅವತ್ತಿನ ಅನ್ನ ತಳ ಹಿಡಿದಿತ್ತು, ಮೇಲೆ ಗಂಜಿಯಾಗಿತ್ತು. ಗುತ್ಯಮ್ಮ ಅದನ್ನೇ ಎರಡು ಸಲ ಹಾಕಿಸಿಕೊಂಡು ಉಂಡಳು. ಉಜ್ಜಪ್ಪ ಅಭ್ಯಾಸಬಲದಿಂದ ಎರಡು ಸಲ ಗುದ್ದಲಿ ಹುಡುಕಿದ. ಗುತ್ಯಮ್ಮ ಅದರ ಮೇಲೆ ಚಾಪೆ ಹಾಸಿ ಕೂತಿದ್ದಳು. ಕೊನೆಗೆ ಅವನು ಜಗಲಿಯಲ್ಲಿ ಉರುಳಿಕೊಂಡ, ಎದ್ದಾಗ ದನಗಳು ಮನೆಗೆ ಬರುತ್ತಿದ್ದವು.

ಮಂಗಳವಾರ ಯಂತ್ರದ ಮುಂದೆ ನಿಲ್ಲಲು ಹುಚ್ಚರಾಯಪ್ಪ ಬಿಟ್ಟನೇನೋ ನಿಜ, ಆದರೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದ. ನಾಲ್ಕಕ್ಕೆ ಉಜ್ಜಪ್ಪ ಎಲ್ಲರ ಜೊತೆ ಹೊರಗೆ ಕೂತು, ಎರಡನೆಯ ಗಂಟು ಬಿಚ್ಚಿ ರೊಟ್ಟಿ ಚಟ್ನಿ ತಿಂದ, ತಂಬಿಗೆ ನೀರು ಕುಡಿದ. ಒಳಗೆ ಬಂದ ಮೇಲೆ ಹುಚ್ಚರಾಯಪ್ಪ ಎಣ್ಣೆ ಡಬ್ಬಿ ಹಿಡಿದು ಮೂರು ಸಲ ಅವನ ಪಕ್ಕ ಸುಳಿದಾಡಿದ.

"ಏನಣ್ಣ, ಬೆಲ್ಟಿಗೆ ಎಣ್ಣೆ ಹಾಕ್ತಾರೇನು?" ಎಂದು ಉಜ್ಜಪ್ಪ ಕೇಳಿದ.

"ನಿನ್ನ ಕಣ್ಣಿಗೆ ಹಾಕೋಣ ಅಂತ ತಂದಿದ್ದೆ. ಬ್ಯಾಡ ಬಿಡು," ಎಂದ ಮಿಸ್ತ್ರಿ. "ನಾಳೆಯಿಂದ ಇಲ್ಲೇ ನಿಲ್ಲು."

ಆ ಸಂಜೆ ಗುತ್ಯಮ್ಮ ಕಂದೀಲು ಹಿಡಿದು ಊರ ಬಾಗಿಲಿನವರೆಗೂ ಬಂದಿದ್ದಳು. ಗಂಡ ಹತ್ತಿರ ಬಂದದ್ದೇ ತಡ, ಏನೂ ಕೇಳದೆ ಅವನ ಎರಡೂ ಕೈ ಹಿಡಿದು ದೀಪಕ್ಕೆ ಒಡ್ಡಿದಳು. ಒಂದು, ಎರಡು, ಮೂರು ಎಂದು ಒಂದೊಂದೇ ಬೆರಳು ಮುಟ್ಟಿ ಎಣಿಸಿದಳು.

"ಹತ್ತೂ ಅದಾವೆ," ಎಂದಳು. ನಗಲು ಹೋದಳು, ಅಳು ಬಂತು. ಉಜ್ಜಪ್ಪ ಕಂದೀಲು ತಾನೇ ತೆಗೆದುಕೊಂಡು, ಇನ್ನೊಂದು ಕೈಯಲ್ಲಿ ಹೆಂಡತಿಯ ಕೈ ಹಿಡಿದು ಮನೆಯ ಕಡೆ ನಡೆದ. ಕೇರಿಯವರು ನೋಡುತ್ತಾರೆಂದು ಅವನಿಗೆ ಅನ್ನಿಸಲೇ ಇಲ್ಲ.

ಗಿರಣಿಗೆ, ಕಾರ್ಖಾನೆಗೆ, ರಸ್ತೆ ಕೆಲಸಕ್ಕೆ ಹೋಗುವ ಅಣ್ಣಂದಿರೆ, ಅಕ್ಕಂದಿರೆ, ನಿಮ್ಮ ದಿನದ ಕೆಲಸ ಉದ್ದವಾಗಿದ್ದರೆ ನಿಮ್ಮ ಬುತ್ತಿಯೂ ಬಿಡುವೂ ನಿದ್ದೆಯೂ ಅದಕ್ಕೆ ತಕ್ಕಂತೆ ಇರಲಿ. ರಜೆಯ ದಿನವನ್ನು ಇನ್ನೊಂದು ದುಡಿಮೆಗೆ ಒತ್ತೆಯಿಡಬೇಡಿ. ಒಲೆಯ ಮುಂದೆ ನಿಮಗಿಂತ ಮುಂಚೆ ಏಳುವವಳಿಗೂ ಅದರಲ್ಲಿ ಪಾಲು ಕೊಡಿ. ಯಂತ್ರದ ಬಳಿ ಕಣ್ಣು ಎಳೆದರೆ ಬಾಯಿಬಿಟ್ಟು ಹೇಳಿ, ಪಕ್ಕಕ್ಕೆ ಬನ್ನಿ. ನಿಮ್ಮ ಬೆರಳು ಎಣಿಸಿಕೊಳ್ಳುವವರು ನಿಮ್ಮ ಮನೆಯಲ್ಲೂ ಕಾಯುತ್ತಿದ್ದಾರೆ.