ಏಳು ಪುಸ್ತಕಗಳ ಹಿಸ್ಸೆ

ನನ್ನ ತಮ್ಮ ಮುತ್ತು ಮತ್ತು ಅವನ ಹೆಂಡತಿ ವಿಜಯಲಕ್ಷ್ಮೀ ಬೇರೆಯಾದ ದಿನ, ವಿಜಯಪುರದ ಇಬ್ರಾಹಿಂಪುರದಲ್ಲಿರುವ ನಮ್ಮ ಮನೆಯ ಪಡಸಾಲೆಯಲ್ಲಿ ಪಾತ್ರೆ ಪಡಗಗಳನ್ನೆಲ್ಲ ಹರವಿಸಿಕೊಂಡು ಕೂತವರು ಗುರಲಿಂಗಪ್ಪ ಕಾಕಾ. ನಮ್ಮಪ್ಪನ ತಮ್ಮ, ಬಬಲೇಶ್ವರದವರು. ಅಣ್ಣತಮ್ಮಂದಿರ ಹಿಸ್ಸೆ ಮಾಡಿಸುವುದರಲ್ಲಿ ಸುತ್ತಲಿನ ಹಳ್ಳಿಗಳಲ್ಲೆಲ್ಲ ಅವರದು ದೊಡ್ಡ ಹೆಸರು. ಎಲ್ಲವನ್ನೂ ಸಾಲಾಗಿ ಇಡಿಸುತ್ತಾರೆ, ಒಂದು ಇವನಿಗೆ, ಒಂದು ಅವನಿಗೆ ಎಂದು ಬೆರಳು ತೋರಿಸುತ್ತ ಹೋಗುತ್ತಾರೆ. ಆಮೇಲೆ ಯಾರೂ ಪಿಟ್ಟೆನ್ನಬಾರದು. ಗಂಡಹೆಂಡಿರ ಹಿಸ್ಸೆಯನ್ನು ಅವರು ಅದುವರೆಗೆ ಮಾಡಿಸಿರಲಿಲ್ಲ. ಆದರೆ ಬರುತ್ತಿದ್ದ ವಿದ್ಯೆ ಅದೊಂದೇ, ಅದನ್ನೇ ನಡೆಸಿದರು.

ಕುರ್ಚಿ, ತಾಟು, ಚಾದರ ಎಲ್ಲ ಮುಗಿದ ಮೇಲೆ ಗೋಡೆಯ ಕಪಾಟಿನಲ್ಲಿದ್ದ ಪುಸ್ತಕಗಳು ಕಣ್ಣಿಗೆ ಬಿದ್ದವು. ‘ಹೊಗೆಗುಡ್ಡದ ಕಥೆಗಳು’, ಏಳು ಸಂಪುಟ. ಒಂದು ತಲೆಮಾರಿನ ಮಕ್ಕಳು ಓದಿ ಬೆಳೆದ ಕಥಾಮಾಲೆ ಅದು. ಒಬ್ಬ ಅಕ್ಕ, ಒಬ್ಬ ತಮ್ಮ, ಮಾತಾಡುವ ಒಂದು ಬೂದು ಕುದುರೆ, ಯಾವಾಗಲೂ ಹೊಗೆಯಾಡುವ ಒಂದು ಗುಡ್ಡ. ನಾನೂ ಸಾಲೆಯಲ್ಲಿದ್ದಾಗ ಊಟ ಬಿಟ್ಟು ಓದಿದವಳೇ. ಅದಕ್ಕೇ ಮುತ್ತುವಿನ ಮಗಳು ಶ್ರಾವಣಿಗೆ ಹತ್ತು ತುಂಬಿದಾಗ ನಾನೇ ಪೂರ್ತಿ ಸೆಟ್ಟು ತರಿಸಿ ಕೊಟ್ಟಿದ್ದೆ. ಹಿಸ್ಸೆಯ ದಿನ ಅವಳಿನ್ನೂ ಮೊದಲ ಸಂಪುಟದ ಮೊದಲ ಪುಟಗಳಲ್ಲಿದ್ದಳು.

ಕಾಕಾ ಅವನ್ನೂ ಚಾಪೆಯ ಮೇಲೆ ಇಡಿಸಿದರು. “ಇದು ಮುತ್ತೂಗ. ಇದು ಅಕಿಗಿ. ಇದು ಮುತ್ತೂಗ.”

ನಾನು ಬಾಗಿಲಲ್ಲಿ ನಿಂತಿದ್ದವಳು ಒಳಗೆ ಬಂದೆ. “ಕಾಕಾ, ಅವು ಕೂಸಿನವು. ಅವನ್ಯಾಕ ಹಿಸ್ಸೆಕ್ಕ ಹಚ್ಚೀರಿ?”

“ಕೂಸರ ಯಾರದವ್ವ? ಇಬ್ಬರದೂ ಹೌದಿಲ್ಲೋ?” ಎಂದರು ಕಾಕಾ, ಮಹಾ ನ್ಯಾಯ ಹೇಳಿದವರ ಹಾಗೆ.

ಗಂಡ ಹೆಂಡತಿ ಇಬ್ಬರೂ ತಲೆ ಆಡಿಸಿದರು. ಒಂದು, ಮೂರು, ಐದು, ಏಳು ಅಪ್ಪನ ಪಾಲಿಗೆ. ಎರಡು, ನಾಲ್ಕು, ಆರು ಅವ್ವನ ಪಾಲಿಗೆ. ಮುತ್ತುವಿಗೆ ಒಂದು ಪುಸ್ತಕ ಹೆಚ್ಚಿಗೆ ಹೋಯಿತೆಂದು ವಿಜಯಲಕ್ಷ್ಮೀಗೆ ಗೋಡೆಯ ಗಡಿಯಾರ ಕೊಡಿಸಿ ಕಾಕಾ ತಕ್ಕಡಿ ಸರಿ ಮಾಡಿದರು. ನನಗೆ ಅಲ್ಲೇ ಹೇಸಿಗೆ ಶುರುವಾಯಿತು, ಇವತ್ತಿಗೂ ಇಳಿದಿಲ್ಲ.

ವಿಜಯಲಕ್ಷ್ಮೀ ಮಗಳನ್ನು ಕರೆದುಕೊಂಡು ತಿಕೋಟಾಕ್ಕೆ ಹೋದಳು. ಅಲ್ಲಿ ಒಂದು ಖಾಸಗಿ ಸಾಲೆಯಲ್ಲಿ ಟೀಚರು. ಹುಡುಗಿಯನ್ನೂ ಅಲ್ಲೇ ಹಾಕಿದಳು. ಶನಿವಾರ, ರವಿವಾರ ಶ್ರಾವಣಿ ಅಪ್ಪನ ಮನೆಯಲ್ಲಿರಬೇಕು ಎಂದು ಮಾತಾಯಿತು. ಕರೆತರುವವರು, ಬಿಟ್ಟುಬರುವವರು ಯಾರು? ಅವನು ಅವಳ ಹೊಸ್ತಿಲು ತುಳಿಯುವುದಿಲ್ಲ, ಅವಳು ಇವನದು ತುಳಿಯುವುದಿಲ್ಲ. ಕೈಹಿಡಿದವನು ತೀರಿಕೊಂಡು ತವರಿನಲ್ಲೇ ಹೊಲಿಗೆ ಮಷೀನು ಹಾಕಿಕೊಂಡು ಕೂತಿರುವ ಅತ್ತೆ ನಾನಿದ್ದೆನಲ್ಲ. ಶನಿವಾರ ಮಧ್ಯಾಹ್ನ ತಿಕೋಟಾ ಬಸ್ಸು, ರವಿವಾರ ಸಂಜೆ ಮತ್ತೆ ತಿಕೋಟಾ ಬಸ್ಸು. ಬೇಜಾರಿರಲಿಲ್ಲ. ಶುರುವಿನಲ್ಲಿ ಹುಡುಗಿ ದಾರಿಯುದ್ದಕ್ಕೂ ಕಥೆ ಹೇಳುತ್ತಿದ್ದಳು. ಬಸ್ಸಿನವರೆಲ್ಲ ತಿರುಗಿ ನೋಡುವ ಹಾಗೆ ಕುದುರೆಯ ದನಿ ತೆಗೆಯುತ್ತಿದ್ದಳು.

ಮೊದಮೊದಲು ಪುಸ್ತಕವೂ ಅವಳ ಚೀಲದಲ್ಲಿ ಓಡಾಡುತ್ತಿತ್ತು. ಒಂದು ಸಲ ಒಂದನೇ ಸಂಪುಟ ತಿಕೋಟಾದಿಂದ ಅರಿಶಿಣದ ಕಲೆ ಹತ್ತಿಸಿಕೊಂಡು ಬಂತು. ಮುತ್ತು ಅದರ ಫೋಟೋ ತೆಗೆದು ಹೆಂಡತಿಗೆ ಕಳಿಸಿದ. ಅವಳು ಎರಡನೇ ಸಂಪುಟದ ಹರಿದ ಹಾಳೆಯ ಫೋಟೋ ತಿರುಗಿ ಕಳಿಸಿದಳು. ಅಲ್ಲಿಗೆ ಮುಗಿಯಿತು. ಈ ಮನೆಯ ಪುಸ್ತಕ ಆ ಮನೆಗೆ ಹೋಗುವಂತಿಲ್ಲ, ಆ ಮನೆಯದು ಇಲ್ಲಿಗೆ ಬರುವಂತಿಲ್ಲ.

ಅಂದರೆ ಏನಾಯಿತು ನೋಡಿ. ಶನಿವಾರ ಇಲ್ಲಿ ಮೂರನೇ ಸಂಪುಟ ಅರ್ಧ ಓದುವುದು, ಸೋಮವಾರ ಅಲ್ಲಿ ಇನ್ನೂ ಮುಗಿಯದ ಎರಡನೇ ಸಂಪುಟ ತೆಗೆಯುವುದು. ಮೂರರಲ್ಲಿ ಬೂದು ಕುದುರೆ ಸಾಯುತ್ತದೆ. ನಾನು ಆ ವಯಸ್ಸಿನಲ್ಲಿ ಆ ಪುಟಕ್ಕೆ ಬಂದು ಹೊದ್ದುಕೊಂಡು ಅತ್ತಿದ್ದೆ. ಶ್ರಾವಣಿಯ ಪಾಲಿಗೆ ರವಿವಾರ ಸತ್ತ ಕುದುರೆ ಸೋಮವಾರ ಎದ್ದು ಹುಲ್ಲು ಮೇಯುತ್ತಿತ್ತು.

“ಅತ್ತಿ, ಕುದುರಿ ಸತ್ತದ್ದು ನಂಗ ಗೊತ್ತೈತಿ, ಆದ್ರ ಅದಕ್ಕ ಗೊತ್ತಿಲ್ಲ. ಪಾಪ, ಆರಾಮ ಓಡಾಕತ್ತೈತಿ,” ಎಂದಳು ಒಂದು ದಿನ ಬಸ್ಸಿನಲ್ಲಿ. ನಾನು ಅವಳಿಗೆ ಶೇಂಗಾ ಕೊಡಿಸಿದೆ.

ಈ ಕಥೆಗಳನ್ನು ಯಾವ ಕ್ರಮದಲ್ಲಿ ಓದಬೇಕು ಎಂಬ ಬಗ್ಗೆ ಓದುಗರಲ್ಲಿ ಹಳೆಯ ಜಗಳವೊಂದಿದೆ. ಆರನೇ ಸಂಪುಟವನ್ನು ಲೇಖಕರು ತಡವಾಗಿ ಬರೆದರು, ಆದರೆ ಅದರಲ್ಲಿ ನಡೆಯುವುದು ಎಲ್ಲಕ್ಕಿಂತ ಹಿಂದಿನ ಕಾಲದ ಸಂಗತಿ; ಗುಡ್ಡಕ್ಕೆ ಹೊಗೆ ಎಲ್ಲಿಂದ ಬಂತು ಎನ್ನುವುದು. ಹಾಗಾಗಿ ಅದನ್ನೇ ಮೊದಲು ಓದಬೇಕು ಎನ್ನುವವರು ಕೆಲವರು, ಬರೆದ ಕ್ರಮದಲ್ಲೇ ಓದಬೇಕು ಎನ್ನುವವರು ಕೆಲವರು. ನನ್ನನ್ನು ಕೇಳಿದರೆ ಬರೆದ ಕ್ರಮವೇ ಸರಿ. ಐದು ಪುಸ್ತಕ ಈ ಹೊಗೆ ಯಾತರದು ಎಂದು ತಲೆ ಕೆಡಿಸಿಕೊಂಡವರಿಗೆ ಆರನೆಯದರಲ್ಲಿ ಉತ್ತರ ಸಿಕ್ಕರೆ ಮೈ ಜುಮ್ಮೆನ್ನುತ್ತದೆ. ಮೊದಲೇ ಹೇಳಿಬಿಟ್ಟರೆ ಉಳಿಯುವುದೇನು? ಬೇರೆಯವರಿಗೆ ಬೇರೆ ಅನ್ನಿಸಬಹುದು, ಅನ್ನಿಸಲಿ. ಒಂದು ಚಹಾ ಕುಡಿಯುತ್ತ ಮುಗಿಸುವ ಜಗಳ ಅದು.

ಈ ಜಗಳ ಹೇಗೋ ವಿಜಯಲಕ್ಷ್ಮೀಯ ಮೊಬೈಲಿಗೆ ಬಂತು. ಜನ್ಮದಲ್ಲಿ ಒಂದು ಕಥೆಪುಸ್ತಕ ಬಿಚ್ಚದವಳು ರಾತ್ರೋರಾತ್ರಿ ಪಂಡಿತೆಯಾದಳು. ನಾನು ಹುಡುಗಿಯನ್ನು ಬಿಡಲು ಹೋದಾಗ ಬಾಗಿಲಲ್ಲೇ ಹಿಡಿದಳು.

“ಅಕ್ಕಾರ, ನಿಮ್ಮ ತಮ್ಮಗ ಹೇಳ್ರಿ. ಆರನೇದ ಮೊದಲ ಓದಬೇಕಂತ. ದೊಡ್ಡ ದೊಡ್ಡವರು ಬರದಾರ. ಅಂವಾ ಒಂದನೇದು ಒಂದನೇದು ಅಂತ ಕೂಸಿನ ತಲಿ ಕೆಡಸಾಕತ್ಯಾನ.”

ಆರನೆಯದು ಇರುವುದು ಯಾರ ಮನೆಯಲ್ಲಿ? ಅವಳ ಮನೆಯಲ್ಲಿ. ಮುತ್ತುವಿಗೆ ಹೇಳಿದೆ. ತನ್ನ ಮೊಬೈಲ್ ರಿಪೇರಿ ಅಂಗಡಿಯಲ್ಲಿ ಗಿರಾಕಿ ನಿಂತಿದ್ದರೂ ಅವನು ಕೆಲಸ ಬಿಟ್ಟು ಕೂಗಾಡಿದ. “ಪುಸ್ತಕದ ಬೆನ್ನಿನ ಮ್ಯಾಲ ಒಂದು ಅಂತ ಛಾಪ್ಸಿದ್ದು ಕಣ್ಣಿಗಿ ಕಾಣಂಗಿಲ್ಲೇನ ಅಕಿಗಿ? ಖರೇ ಕಥಿ ಇರೂದ ಒಂದು, ಮೂರು, ಐದು, ಏಳರಾಗ. ಉಳಿದದ್ದು ಸುಮ್ನ ತುಂಬಿದ್ದು.”

ಅವನು ಎರಡನ್ನೂ ನಾಲ್ಕನ್ನೂ ಮುಟ್ಟಿ ನೋಡಿರಲಿಲ್ಲ. ಅವನಿಗೆ ಕುದುರೆಯ ಹೆಸರೂ ಗೊತ್ತಿರಲಿಲ್ಲ. ನನ್ನ ಬೆನ್ನಿಗೆ ಬಿದ್ದು ಹುಟ್ಟಿದವನು, ನಾನೇ ಎತ್ತಿ ಆಡಿಸಿದವನು. ಅವನ ಬಾಯಿಯಿಂದ ಇಂಥ ಮಾತು!

ಆಮೇಲೆ ಹುಡುಗಿಗೆ ಓದುವುದು ಒಂದು ಹಾಜರಿಯಾಯಿತು. ಇಲ್ಲಿ ಅಪ್ಪ, “ಎಷ್ಟ ಆತು? ಅಲ್ಲಿ ಏನ ಓದಸಾಕತ್ಯಾಳ?” ಎನ್ನುತ್ತಾನೆ. ಅಲ್ಲಿ ಅವ್ವ, “ಆರನೇದ ಛಲೋ ಐತಿಲ್ಲೋ? ನಿಮ್ಮಪ್ಪಗ ಹೇಳು,” ಎನ್ನುತ್ತಾಳೆ. ಬಸ್ಸಿನಲ್ಲಿ ಕುದುರೆಯ ದನಿ ನಿಂತುಹೋಯಿತು. ಹುಡುಗಿ ಚೀಲ ತಬ್ಬಿಕೊಂಡು ಕೂರುತ್ತಾಳೆ, ಊರು ಹತ್ತಿರ ಬಂದ ಹಾಗೆ ತುಟಿ ಆಡಿಸುತ್ತಾಳೆ. ಮನೆಯಲ್ಲಿ ಹೇಳಬೇಕಾದುದನ್ನು ಒಪ್ಪಿಸಿಕೊಳ್ಳುತ್ತಿದ್ದಾಳೆಂದು ನನಗೆ ತಿಳಿಯಲು ಹೊತ್ತು ಹಿಡಿಯಿತು. ನನಗೆ ಬೇಕಾಗಿದ್ದು ಇಷ್ಟೇ, ಈ ಕೂಸು ಮತ್ತೆ ಕಥೆ ಓದಿ ಕುಣಿಯಬೇಕು, ಅಳಬೇಕು. ಅದಕ್ಕಿಂತ ಹೆಚ್ಚಿನದೇನೂ ಈ ಇಬ್ಬರಿಂದ ನಾನು ಬಯಸಿರಲಿಲ್ಲ.

ಬೇಸಿಗೆ ಸೂಟಿ ಹತ್ತಿರ ಬಂತು. ಸೂಟಿ ಯಾರ ಮನೆಯಲ್ಲಿ ಎಂಬ ತಕರಾರು ಎದ್ದು ಬಬಲೇಶ್ವರದಲ್ಲಿ ಕಾಕಾನ ಮನೆಯಲ್ಲಿ ಮತ್ತೆ ಎಲ್ಲರೂ ಸೇರಿದೆವು. ಪಕ್ಷಪಾತ ಅನ್ನಬಾರದೆಂದು ಕಾಕಾ ತಮ್ಮ ಗೆಳೆಯ ಕಾಸಿಮಸಾಬರನ್ನೂ ಕರೆಸಿದ್ದರು. ಒಳ್ಳೆಯ ಮನುಷ್ಯ, ಎಲ್ಲ ಮಾತಿಗೂ ಗಡ್ಡ ನೀವಿಕೊಂಡು ಹೂಂಗುಟ್ಟುತ್ತಿದ್ದರು. ನಮ್ಮ ತಾಯಿ ಗುರುಸಿದ್ದವ್ವ ಮೂಲೆಯಲ್ಲಿ ಕೂತು ಮೊಮ್ಮಗಳ ಜಡೆ ಬಿಚ್ಚಿ ಹೆಣೆಯುತ್ತಿದ್ದಳು, ಹೆಣೆದದ್ದನ್ನು ಮತ್ತೆ ಬಿಚ್ಚುತ್ತಿದ್ದಳು.

ಗಂಡ ಹೆಂಡತಿ ಇಬ್ಬರೂ ಪುಸ್ತಕ ತಂದಿದ್ದರು! ಇವನದು ಅಂಗಡಿಯ ಚೀಲದಲ್ಲಿ, ಅವಳದು ಸೀರೆಯ ಡಬ್ಬಿಯಲ್ಲಿ.

“ಒಂದನೇದು ನನ್ನ ಕಡೆ ಐತಿ. ಸುರುಲಿಂದ ಓದಬೇಕಂದ್ರ ಸೂಟಿಗಿ ನನ್ನ ಕಡೆನ ಇರಬೇಕು,” ಎಂದ ಮುತ್ತು.

“ಕಥಿ ಸುರು ಆಗೂದ ಆರನೇದರಾಗ. ನಾ ಸಾಲಿ ಕಲಸಾಕಿ, ನಂಗ ಗೊತ್ತಿಲ್ಲೇನ್ರಿ?” ಎಂದಳು ವಿಜಯಲಕ್ಷ್ಮೀ.

ಕಾಕಾ ಗಂಭೀರವಾಗಿ ಏಳೂ ಪುಸ್ತಕ ಮುಂದಿಡಿಸಿಕೊಂಡು ತಿರುವಿ ಹಾಕಿದರು. ಕಾಸಿಮಸಾಬರು ಒಂದರ ಮೇಲಿನ ಚಿತ್ರ ನೋಡಿ, “ಕುದುರಿ ಛಲೋ ಬರದಾನ ನೋಡ್ರಿ,” ಎಂದರು. ಬೆಳೆದ ಗಂಡಸರು, ಕಲಿತ ಹೆಂಗಸು, ಒಂದು ಮಗುವಿನ ಸಂತೋಷವನ್ನು ಚಾಪೆಯ ಮೇಲೆ ಹರವಿಕೊಂಡು ಸಂತೆಯ ಬದನೆಕಾಯಿಯಂತೆ ಒತ್ತಿ ಒತ್ತಿ ನೋಡುತ್ತಿದ್ದರು.

“ಕೂಸಿನ್ನ ಕೇಳೂಣು. ನೀನ ಹೇಳವ್ವ, ಯಾವದ ಮೊದಲ ಓದಿದ್ರ ಛಲೋ?” ಎಂದರು ಕಾಕಾ.

ಶ್ರಾವಣಿ ಅಜ್ಜಿಯ ಕೈಯಿಂದ ಜಡೆ ಬಿಡಿಸಿಕೊಂಡು ಎದ್ದು ನಿಂತಳು. ಅಪ್ಪನ ಮುಖ ನೋಡಿದಳು, ಅವ್ವನ ಮುಖ ನೋಡಿದಳು. ಕೈ ಕಟ್ಟಿಕೊಂಡಳು. “ಒಂದನೇದ ಮೊದಲ ಓದಿದ್ರೂ ತಿಳೀತೈತ್ರಿ. ಆರನೇದ ಮೊದಲ ಓದಿದ್ರೂ ತಿಳೀತೈತ್ರಿ. ಎರಡೂ ಛಲೋ ಅದಾವ್ರಿ.”

“ಭಾಳ ಶಾಣ್ಯಾಕಿ ಅದಾಳ್ರಿ!” ಎಂದು ಕಾಸಿಮಸಾಬರು ಹಿಗ್ಗಿದರು. ಕಾಕಾ ಅವಳ ಬೆನ್ನು ಚಪ್ಪರಿಸಿದರು. ಅಪ್ಪನಿಗೂ ಹೆಮ್ಮೆ, ಅವ್ವನಿಗೂ ಹೆಮ್ಮೆ. ಪುಸ್ತಕದ ಒಂದು ಸಾಲಿನ ಮಾತಾಗಲಿ, ಕುದುರೆಯ ಮಾತಾಗಲಿ ಆ ಉತ್ತರದಲ್ಲಿರಲಿಲ್ಲ, ಅದು ಯಾರ ಗಮನಕ್ಕೂ ಬರಲಿಲ್ಲ.

ನನಗೆ ತಡೆಯಲಾಗಲಿಲ್ಲ. ಎದ್ದು ಏಳೂ ಪುಸ್ತಕಗಳನ್ನು ಬಾಚಿ ನನ್ನ ಹೊಲಿಗೆಯ ಚೀಲಕ್ಕೆ ತುಂಬಿದೆ. “ಇವು ಇನ್ನ ನನ್ನ ಕಡೆ ಇರ್ತಾವು. ಅಕಿ ಎಲ್ಲಿ ಹೋಗ್ತಾಳ, ಏಳೂ ಅಲ್ಲಿಗಿ ಹೋಗ್ತಾವು. ಅಕಿಗಿ ಬೇಕಾದ್ದ ಬೇಕಾದಾಗ ಓದ್ಲಿ.”

ವರ್ಷದಲ್ಲಿ ಮೊದಲ ಸಲ ಗಂಡ ಹೆಂಡತಿ ಒಂದಾದರು. “ಅಕ್ಕಾ, ನಡುವ ನೀ ಬರಬ್ಯಾಡ, ಹಿಸ್ಸೆ ಆಗೇತಿ,” ಎಂದು ಅವನು ಚೀಲಕ್ಕೆ ಕೈ ಹಾಕಿದ. “ಹೌದ್ರಿ ಅಕ್ಕಾರ, ಹಿರ್ಯಾರು ಕೊಟ್ಟದ್ದು, ನೀವು ಹೆಂಗ ಒಯ್ತೀರಿ?” ಎಂದು ಅವಳೂ ಹಾಕಿದಳು. ಎಂಥ ಅನ್ಯೋನ್ಯ! ಕಾಕಾ ನನ್ನನ್ನೇ ಗದರಿದರು. ಮಾಡಿದ ಹಿಸ್ಸೆ ಮುರಿಯುವುದೆಂದರೆ ಅವರ ಹೆಸರಿಗೆ ಕಲೆಯಲ್ಲವೇ. ಚೀಲ ಖಾಲಿಯಾಯಿತು. ನಾಲ್ಕು ಅತ್ತ, ಮೂರು ಇತ್ತ. ಸೂಟಿಯನ್ನೂ ಕಾಕಾ ಅದೇ ರೀತಿ ಒಡೆದರು, ಒಂದು ವಾರ ಇವನಿಗೆ, ಒಂದು ವಾರ ಅವಳಿಗೆ. ಎಲ್ಲರೂ ಉಂಡು ಎದ್ದರು. ನಾನು ಖಾಲಿ ಚೀಲ ಮಡಚಿಕೊಂಡೆ.

ಮೊದಲ ವಾರ ಅಪ್ಪನ ಪಾಲಿಗೆ ಬಂದಿದ್ದರಿಂದ ನಾನೂ ಶ್ರಾವಣಿಯೂ ವಿಜಯಪುರದ ಬಸ್ಸು ಹತ್ತಿದೆವು. ಮುತ್ತು ಬೈಕಿನ ಮೇಲೆ ಮುಂದೆ ಹೋಗಿದ್ದ. ಬಸ್ಸಿನಲ್ಲಿ ಜನ ಕಡಿಮೆ. ಹುಡುಗಿ ಕಿಟಕಿಯ ಪಕ್ಕ ಕೂತಳು. ಇಬ್ಬರೇ ಇದ್ದೇವೆ, ಕೇಳುವವರಿಲ್ಲ, ಈಗಲಾದರೂ ಬಾಯಿ ಬಿಡುತ್ತಾಳೆ ಎಂದುಕೊಂಡೆ. ಅವಳ ಕೈಯನ್ನು ನನ್ನ ಮಡಿಲಲ್ಲಿ ಇಟ್ಟುಕೊಂಡೆ.

“ಈಗ ಯಾರೂ ಇಲ್ಲ ನಮ್ಮವ್ವ. ಖರೇ ಹೇಳು, ನಿಂಗ ಯಾವ ಪುಸ್ತಕ ಭಾಳ ಸೇರ್ತು?”

ಅವಳು ನನ್ನ ಮುಖವನ್ನು ನೋಡಿದಳು, ಕಾಕಾನ ಮನೆಯಲ್ಲಿ ಅಪ್ಪ ಅವ್ವನ ಮುಖ ನೋಡಿದ ಹಾಗೆಯೇ.

“ನೀ ಯಾರ ಕಡೆ ಅದೀ? ಮೊದಲ ಅದನ್ನ ಹೇಳು.”

“ನಾನಾ? ಅಯ್ಯ, ನಾ ನಿನ್ನ ಕಡೆ, ನನ್ನ ಬಂಗಾರ.”

“ಎಲ್ಲಾರೂ ಹಂಗ ಅಂತಾರ,” ಎಂದು ಕೈ ಬಿಡಿಸಿಕೊಂಡು, ಶ್ರಾವಣಿ ಕಿಟಕಿಯ ಕಡೆ ತಿರುಗಿದಳು.