ಮಾವನ ಮೂಟೆ, ನನ್ನ ಪುಸ್ತಕ

ನಾನು ಬರೆದು ಮಾವನಿಗೆ ಕಳಿಸಿದ ಪುಸ್ತಕ, ಕಂದಾವು ದ್ವೀಪಕ್ಕೆ ಹೋದ ಹಡಗಿನಲ್ಲೇ ವಾಪಸ್ ಬಂತು. ಅದೇ ಕಂದು ಕಾಗದ, ಅದೇ ಹುರಿ. ಒಳಗೆ ಒಂದು ಚೀಟಿಯೂ ಇರಲಿಲ್ಲ. ಸೋದರಮಾವ ಸೆರುಪೆಪೇಲಿಯೇ ಕೈಯಾರೆ ಕೊಟ್ಟು ಕಳಿಸಿದ ಎಂದು ಹಡಗಿನವನು ಹೇಳಿದ.

ಇಪ್ಪತ್ತಾರು ವರ್ಷ ನಾನು ಕುಟ್ಟಿ ಕುಡಿದರೆ ಸಣ್ಣಗೆ ಮತ್ತೇರುವ ಯಂಗೋನ ಬೇರಿನ ವ್ಯಾಪಾರ ಮಾಡಿದವನು. ದ್ವೀಪ ದ್ವೀಪ ಸುತ್ತಿ ಒಣಬೇರು ಕೊಂಡು ಸುವಾ ಬಂದರಿನಿಂದ ಹೊರದೇಶಗಳಿಗೆ ಹತ್ತಿಸುತ್ತಿದ್ದೆ. ಓದಿದ್ದು ಕಂದಾವು ದ್ವೀಪದಲ್ಲಿ, ಅಮ್ಮನ ಊರು ವುನಿನೋಕೊದ ಶಾಲೆಯಲ್ಲಿ, ಎಂಟನೇ ತರಗತಿಯವರೆಗೆ. ಮೂಟೆಯೊಳಗೆ ಕೈ ಹಾಕಿದರೆ ಸಾಕು, ಬೇರೆಷ್ಟು, ಬೆಲೆಯಿಲ್ಲದ ಕಾಂಡವೆಷ್ಟು, ಮಣ್ಣೆಷ್ಟು ಎಂದು ಬೆರಳೇ ಹೇಳುತ್ತಿತ್ತು. ಮೋಸ ಕಂಡರೆ ಅಲ್ಲೇ ಮೂಟೆ ಸುರುವಿ, ಊರೆಲ್ಲ ಕೇಳುವಂತೆ ಬೈಯುತ್ತಿದ್ದೆ. ಮೊಣಕಾಲು ಕೈಕೊಟ್ಟ ಮೇಲೆ ಮನೆಯಲ್ಲಿ ಕೂತೆ. ಬೈಯಲು ಉಳಿದವಳು ಹೆಂಡತಿ ತರೈವಿನಿ ಒಬ್ಬಳೇ. ಅವಳು ಶಾಲೆಯ ಟೀಚರು. ಒಂದು ದಿನ ನಾಲ್ಕು ನೋಟ್‌ಬುಕ್ ತಂದು ನನ್ನ ಮುಂದೆ ಎಸೆದಳು.

"ನಿನ್ನ ಬೇರಿನ ಕತೆ ಕೇಳಿ ಕೇಳಿ ನಂಗೆ ಬಾಯಿಪಾಠ ಆಗಿದೆ. ಇದ್ರಲ್ಲಿ ಬರಿ. ಕಾಗದಕ್ಕೆ ಕಿವಿ ನೋಯಲ್ಲ."

ಎರಡು ವರ್ಷ ಬರೆದೆ. ಸುವಾದ ಸಣ್ಣ ಅಚ್ಚುಕೂಟವೊಂದು ಐನೂರು ಪ್ರತಿ ಅಚ್ಚು ಹಾಕಿತು. ಪುಸ್ತಕದಂಗಡಿಯವರು ಬೇಡವೆಂದರು. ಮಾರುಕಟ್ಟೆಯಲ್ಲಿ ಯಂಗೋನ ಪುಡಿ ಮಾರುವ ಹೆಂಗಸರು ಪುಡಿಯ ಪಕ್ಕದಲ್ಲಿ ಇಟ್ಟುಕೊಂಡರು. ಪುಡಿ ಕೊಂಡವರು ಪುಸ್ತಕವನ್ನೂ ಕೊಂಡರು. ಪುಡಿಯನ್ನು ನೀರಲ್ಲಿ ಕಿವುಚಿ, ಬೋಗುಣಿಯ ಸುತ್ತ ಕೂತು ಕುಡಿಯುತ್ತ, ಒಬ್ಬ ಓದಿದರೆ ಹತ್ತು ಜನ ನಕ್ಕರು. ಅಷ್ಟು ವರ್ಷದ ವ್ಯಾಪಾರದಲ್ಲಿ ಇಂಥ ಖುಷಿ ನನಗೆ ಸಿಕ್ಕಿರಲಿಲ್ಲ.

ಏಳನೇ ಅಧ್ಯಾಯದಲ್ಲಿ ಮಾವ ಬರುತ್ತಾನೆ. ಚಂಡಮಾರುತದ ವರ್ಷ ಅವನ ಮೂಟೆಯಲ್ಲಿ ಕಾಲು ಭಾಗ ಬರೀ ಕಾಂಡವಿತ್ತು. ನನ್ನ ಬೆರಳಿಗೆ ಗೊತ್ತಾಯಿತು. ಆದರೂ ಬಾಯಿ ಬಿಡದೆ ಪೂರ್ತಿ ಬೆಲೆ ಕೊಟ್ಟು ಬಂದೆ. ಜೀವನದಲ್ಲಿ ನಾನು ಬೈಯದೆ ಬಿಟ್ಟ ಮೂಟೆ ಅದೊಂದೇ ಎಂದು ಬರೆದಿದ್ದೆ. ಮಾವನ ಮೇಲಿನ ಗೌರವದಿಂದಲೇ ಬರೆದಿದ್ದೆ.

"ಹೋಗಿ ಮಾವನ ಮುಂದೆ ಬೇರಿನ ಕಟ್ಟು ಇಟ್ಟು ತಪ್ಪಾಯ್ತು ಅನ್ನು," ಎಂದಳು ತರೈವಿನಿ, ವಾಪಸ್ ಬಂದ ಪುಸ್ತಕ ನೋಡಿ.

"ಕಾಂಡ ಹಾಕಿದ್ದು ಅವನು. ತಪ್ಪಾಯ್ತು ಅನ್ನೋದು ನಾನಾ?"

"ಬೇಡ ಬಿಡು. ನಿಮ್ಮಮ್ಮನ ಊರಿನ ದಾರಿ ಮರ್ತುಬಿಡು ಹಂಗಾದ್ರೆ."

ಬೇರೆ ಊರುಗಳಿಗೆ ನಾನು ಬೇರು ಕೊಳ್ಳಲು ಬರುತ್ತಿದ್ದವನು, ಅಷ್ಟೆ. ವುನಿನೋಕೊದಲ್ಲಿ ಮಾತ್ರ ಆ ಊರ ಹೆಣ್ಣುಮಗಳ ಮಗ. ಆ ಬಾಗಿಲು ಮುಚ್ಚಿದರೆ ಐನೂರು ಪುಸ್ತಕ ಕಟ್ಟಿಕೊಂಡು ಏನು ಮಾಡಲಿ?

ಒಳ್ಳೆಯ ಬೇರಿನ ಕಟ್ಟೊಂದನ್ನು ಆರಿಸಿ ಹಡಗು ಹತ್ತಿದೆ. ಊರಿನ ಮರಳುದಂಡೆಯಲ್ಲಿ ಮಾವನ ಮಗ ಇನೋಕೆ ನಿಂತಿದ್ದ.

"ಬಾ ಭಾವ. ನಿನ್ನ ಪುಸ್ತಕ ಒಲೆಗಾದ್ರೂ ಆಗುತ್ತೇನೋ ಅಂತ ನೋಡ್ದೆ. ಹಾಳೆ ಮಂದ, ಹೊಗೆ ಜಾಸ್ತಿ."

"ನಿನಗೆ ಓದೋಕೆ ಬಂದಿದ್ರೆ ಒಲೆ ನೆನಪಾಗ್ತಿರ್ಲಿಲ್ಲ. ಅಪ್ಪ ಹೇಗಿದಾರೆ?"

"ಮಾತಾಡ್ತಿಲ್ಲ. ಅದಕ್ಕೇ ಊರಲ್ಲಿ ಎಲ್ರಿಗೂ ಭಯ."

ಮಧ್ಯಾಹ್ನ ಮಾವನ ಮನೆಯಲ್ಲಿ, ತಗ್ಗಿ ಬಂದವರು ಕೂರುವ ಕೆಳಬಾಗಿಲ ಬಳಿ ಚಾಪೆಯ ಮೇಲೆ ಕೂತು, ಬೇರಿನ ಕಟ್ಟು ಮುಂದಿಟ್ಟು, ಹೇಳಬೇಕಾದ ಮಾತುಗಳನ್ನು ತಲೆ ತಗ್ಗಿಸಿ ಹೇಳಿದೆ. ಅವನು ಕಟ್ಟು ಮುಟ್ಟಿದರೆ ಎಲ್ಲ ತೀರಿದಂತೆ. ಮುಟ್ಟದಿದ್ದರೆ ಎದ್ದು ಹೋಗಬೇಕು. ಮಾವ ಮುಟ್ಟಲಿಲ್ಲ. ಕೂತಲ್ಲಿ ನನ್ನ ಮೊಣಕಾಲು ಉರಿಯಿತು, ಆಮೇಲೆ ತಲೆ ಉರಿಯಿತು.

"ಊರ ಮುಂದೆ ನಿನ್ನ ಮರ್ಯಾದೆ ತೆಗ್ದೆ ಅಂತ ಸಿಟ್ಟಲ್ವಾ ಮಾವ? ನಾನು ಬರ್ದಿದ್ದು ಸುಳ್ಳಾ?"

"ಕಾಂಡ ಹಾಕಿದ್ದು ನಿಜ. ಯಾರು ಬೇಕಾದ್ರೂ ಓದ್ಲಿ. ಸಿಟ್ಟು ಅದಕ್ಕಲ್ಲ."

"ಮತ್ತೆ?"

"ನೀನು ದುಡ್ಡು ಕೊಟ್ಟೆ," ಎಂದ ಮಾವ. "ನನ್ನ ತಂಗಿ ಮಗ ನೀನು. ನನ್ನ ಹಂದಿ, ನನ್ನ ದೋಣಿ, ನನ್ನ ಮೂಟೆ, ಕೇಳ್ದೆ ಎತ್ಕೊಂಡು ಹೋಗ್ಬಹುದು. ಸೋದರಳಿಯ ಅಂದ್ರೆ ಅದೇ. ನೀನು ತಕ್ಕಡಿ ತಂದೆ. ಸುಮ್ನಿದ್ದೆ ಸುಮ್ನಿದ್ದೆ ಅಂತ ಬರ್ಕೊಂಡಿದೀಯ. ಕಂಡೋರ ಮೂಟೆನೆಲ್ಲ ಸುರುವಿ ಬೈದೆ. ನನ್ನ ಹತ್ರ ಮಾತ್ರ ದುಡ್ಡು ಬಿಸಾಕಿ, ಪರ ಊರಿನ ದೊಡ್ಡ ಮನುಷ್ಯನ ಥರ ಹೋದೆ."

ಅಷ್ಟು ವರ್ಷ ದೊಡ್ಡತನ ಎಂದುಕೊಂಡದ್ದು ಮಾವನ ಮನೆಯಲ್ಲಿ ಅವಮಾನವಾಗಿ ಬಿದ್ದಿತ್ತು. ಯಾವ ಮೂಟೆಗೂ ಮೋಸ ಹೋಗದ ನಾನು ಇದರ ತೂಕ ತಪ್ಪಿದ್ದೆ.

ಎದ್ದೆ. ಕುಂಟುತ್ತಲೇ ಗುಡ್ಡದ ಮೇಲಿನ ಮಾವನ ತೋಟಕ್ಕೆ ನಡೆದೆ. ಇನೋಕೆ ಹಿಂದೆ ಓಡಿ ಬಂದ. ತೋಟದ ಮೇಲಂಚಿನಲ್ಲಿ ನನ್ನೆತ್ತರದ ಹಳೆಯ ಯಂಗೋನ ಗಿಡವೊಂದಿತ್ತು. ಹಾರೆ ತಗೊಂಡು ಬುಡಕ್ಕೆ ಹಾಕಿದೆ.

"ಏ ಭಾವ, ಅದು ಬೇಡ. ಏಳು ವರ್ಷದ್ದು. ನನ್ನ ತಂಗಿ ಮದುವೆಗೆ ಇಟ್ಟಿರೋದು."

"ಅದಕ್ಕೇ ಬೇಕು. ಹಿಡಿ, ಎಳಿ."

ಇಬ್ಬರೂ ಬೆವತು ಕಿತ್ತೆವು. ಮಣ್ಣು ಮೆತ್ತಿದ ಬೇರನ್ನು ಹೆಗಲ ಮೇಲೆ ಹೊತ್ತು ಊರ ನಡುವೆಯೇ ತಂದೆ. ಹೆಂಗಸರು ಬಾಯಿ ಮುಚ್ಚಿಕೊಂಡು ನಕ್ಕರು. ಅತ್ತೆ ಜಗುಲಿಯಿಂದ ಕೂಗಿದಳು:

"ಬಂದ ನೋಡಿ ಕಳ್ಳ. ತಕ್ಕಡಿ ಮರ್ತು ಬಂದಿಯೇನೋ?"

"ದುಡ್ಡೂ ಮರ್ತು ಬಂದಿದೀನಿ ಅತ್ತೆ. ಆ ಕೋಳೀನೂ ಹಿಡಿ, ಹಸಿವಾಗಿದೆ."

ಮಾವ ಬೇರು ನೋಡಿದ. ಹೊಟ್ಟೆ ಉರಿದದ್ದು ಮುಖದಲ್ಲಿ ಕಂಡಿತು. ಮದುವೆಯ ಬೇರು, ಸುಮ್ಮನಲ್ಲ. ಆಮೇಲೆ ಮುಂದೆ ಬಾಗಿ, ನಾನು ಸುವಾದಿಂದ ತಂದ ಒಣಬೇರಿನ ಕಟ್ಟನ್ನು ಮುಟ್ಟಿದ. ನನ್ನ ಹಿಂದೆಯೇ ಬಂದು ಕೂತಿದ್ದ ಊರವರೆಲ್ಲ ಒಪ್ಪಿಗೆಯಾಯಿತೆಂದು ಮೂರು ಸಲ ಚಪ್ಪಾಳೆ ತಟ್ಟಿದರು. ನಾನು ಮುಖ ಒರೆಸಿಕೊಂಡೆ. ಬೆವರು ಅಂತ ಹೇಳಿದೆ.

ಹಸಿಬೇರು ಕುಟ್ಟಿ ಕಿವುಚಿದರು. ಕುಡಿಯುವ ತೆಂಗಿನ ಚಿಪ್ಪು ಕೈಯಿಂದ ಕೈಗೆ ಸುತ್ತು ಹಾಕಿತು. ಬಿಸಿಲು ಇನ್ನೂ ಅಂಗಳದಲ್ಲಿತ್ತು. ಪುಸ್ತಕ ಹೊರತೆಗೆದೆ. ಇನೋಕೆ ಎಡವುತ್ತ ಎಡವುತ್ತ ಏಳನೇ ಅಧ್ಯಾಯ ಓದಿದ. ಮಾವ ಕಣ್ಣು ಮುಚ್ಚಿ ಕೇಳುತ್ತಿದ್ದವನು ನಡುವೆ ತಡೆದ.

"ಕಾಲು ಭಾಗ ಅಲ್ಲ. ಅರ್ಧ."

"ಅರ್ಧಾನಾ?" ನನ್ನ ಸಿಟ್ಟು ನೆತ್ತಿಗೇರಿತು. "ನನ್ನ ಕೈಗೇ ಮೋಸ ಮಾಡಿದ್ಯಾ ಮುದುಕ?"

"ಹಾ, ಈಗ ಬೈದೆ," ಎಂದು ಮಾವ ತೊಡೆ ತಟ್ಟಿಕೊಂಡು ನಕ್ಕ. ನಗು ನಿಂತ ಮೇಲೆ ಕೇಳಿದ: "ಮುಂದಿನದು ಓದ್ಲಿ. ಅದ್ರಲ್ಲಿ ಯಾರ ಮೂಟೆ?"

"ಪಕ್ಕದೂರಿನವ್ರದ್ದು," ಎಂದೆ.

ಎಲ್ಲರೂ ಚಾಪೆಯ ಮೇಲೆ ಇನ್ನಷ್ಟು ಹತ್ತಿರ ಸರಿದು ಕೂತರು.