ರೊಟ್ಟಿ ಕೇಂದ್ರದಲ್ಲಿ ಹೆಣ್ಣು ನೋಡುವ ಶಾಸ್ತ್ರ

ಕುಷ್ಟಗಿಯಲ್ಲಿ ಶಂಕ್ರಮ್ಮನ ರೊಟ್ಟಿ ಕೇಂದ್ರ ಗೊತ್ತಿಲ್ಲದವರಿಲ್ಲ. ಆಕೆಯ ರೊಟ್ಟಿಗೂ ಹೆಸರು, ಬಾಯಿಗೂ ಹೆಸರು. ಆದರೆ ಕೆಲಸಕ್ಕೆ ಬಂದವರು ನಿಲ್ಲುವುದೇ ಇಲ್ಲ. ಯಾರದೋ ಕಣ್ಣು ಬಿದ್ದಿದೆ ಎಂದು ಶಂಕ್ರಮ್ಮ ಬಾಗಿಲಿಗೆ ಲಿಂಬೆಹಣ್ಣು ಕಟ್ಟಿದಳು. ಲಿಂಬೆಹಣ್ಣು ಒಣಗಿತು, ಅಷ್ಟೆ.

ಈ ತಾಪತ್ರಯದ ನಡುವೆ ಮಗಳು ಲಲಿತಾ ಇನ್ನೊಂದು ಸುದ್ದಿ ತಂದಳು. ಬಿ.ಎ.ಯಲ್ಲಿ ಮನಶ್ಶಾಸ್ತ್ರ ಓದಿದ್ದ ಅವಳಿಗೆ ಈಗ ಎಂ.ಎಸ್ಸಿ. ಸೇರಿ ಔದ್ಯೋಗಿಕ ಮನಶ್ಶಾಸ್ತ್ರ ಓದುವ ಆಸೆ. ಅರ್ಜಿಯ ಕೊನೆಯ ದಿನ ಹತ್ತಿರ ಬಂದಿತ್ತು.

"ಹುಚ್ಚರ ಡಾಕ್ಟರ್ ಆಗ್ತಿಯೇನ? ಅದೂ ಫ್ಯಾಕ್ಟರಿ ಹುಚ್ಚರಿಗೆ?" ಎಂದಳು ಶಂಕ್ರಮ್ಮ. "ರವಿವಾರ ತಳಕಲ್ಲಿನವರು ನಿನ್ನ ನೋಡಾಕ ಬರ್ತಾರ. ಸುಮ್ಮನ ಸೀರಿ ಉಟ್ಕೊಂಡು ಕುಂದ್ರು."

ಲಲಿತಾ ಅತ್ತಳು. ಅತ್ತು ಮುಗಿಸಿ ಪಕ್ಕದ ಓಣಿಯ ಮುಬಾಶಿರಾಳನ್ನು ಕರೆತಂದಳು. ಮುಬಾಶಿರಾ ಇದೇ ಓದು ಮುಗಿಸಿ, ಕೊಪ್ಪಳದ ಹತ್ತಿರ ಒಂದು ಕಾರ್ಖಾನೆಯಲ್ಲಿ ಜನರನ್ನು ಆರಿಸಿ ತರಬೇತಿ ಕೊಡುವ ಕೆಲಸದಲ್ಲಿದ್ದಳು. ಅವರು ಬಂದಾಗ ಶಂಕ್ರಮ್ಮ ಮಾಶಾಬಿ ಎಂಬ ಹೆಂಗಸನ್ನು ಕೆಲಸಕ್ಕೆ ಪರೀಕ್ಷೆ ಮಾಡುತ್ತಿದ್ದಳು.

"ತವರಮನಿ ಯಾವೂರು? ಹಾಡು ಬರತಾವೇನು? ಮನಿದೇವರು ಯಾವುದು?"

"ನಾವು ಮುಸಲ್ಮಾನರ್ರಿ."

"ಇರಲಿ ಬಿಡವ್ವ. ರೊಟ್ಟಿ ಬರತೈತೇನು?"

"ಬರತೈತ್ರಿ."

"ಎಲ್ಲಾರೂ ಹಂಗ ಹೇಳ್ತಾರ. ಮಾತು ಕಮ್ಮಿ, ಈಕಿ ಬ್ಯಾಡ."

ಮುಬಾಶಿರಾಳಿಗೆ ನಗು ತಡೆಯಲಾಗಲಿಲ್ಲ. "ಚಿಗವ್ವ, ನೀವು ಹುಡುಕಾಕತ್ತಿದ್ದು ಆಳನ್ನೋ ಸೊಸಿಯನ್ನೋ? ಹಿಟ್ಟು ಕೊಟ್ಟು ಒಂದು ರೊಟ್ಟಿ ತಟ್ಟಿಸಿ ನೋಡ್ರಿ."

ಹಿಂದಿನ ಸಲ ಶಂಕ್ರಮ್ಮ ಸೋಬಾನೆ ಪದ ಚೆನ್ನಾಗಿ ಹಾಡಿದವಳನ್ನೇ ಕೆಲಸಕ್ಕೆ ತೆಗೆದುಕೊಂಡಿದ್ದಳು. ಅವಳ ರೊಟ್ಟಿ ಕೊಪ್ಪಳ ಜಿಲ್ಲೆಯ ನಕ್ಷೆಯಂತೆ ಬರುತ್ತಿತ್ತು. ಮಾಶಾಬಿ ತಟ್ಟಿದ ರೊಟ್ಟಿ ಹಂಚಿನ ಮೇಲೆ ಪೂರಾ ಉಬ್ಬಿತು. ಶಂಕ್ರಮ್ಮನ ಬಾಯಿ ಮುಚ್ಚಿತು. ಓಣಿಯಲ್ಲಿ ಇದು ಅಪರೂಪ.

"ನಾವು ಓದೋದು ಇದನ್ನ ಚಿಗವ್ವ," ಎಂದಳು ಮುಬಾಶಿರಾ. "ಯಾವ ಕೆಲಸಕ್ಕ ಯಾರನ್ನ ಹೆಂಗ ಆರಿಸಬೇಕು, ಹೆಂಗ ಕಲಿಸಬೇಕು, ಬಂದವರು ಯಾಕ ಬಿಟ್ಟು ಹೊಕ್ಕಾರ ಅಂತ. ರೋಗಿಗೆ ಚಿಕಿತ್ಸೆ ಕೊಡೋ ಓದು ಬ್ಯಾರೆ ಐತಿ."

"ನೌಕರಿ ಎಲ್ಲಿ ಸಿಗತೈತಿ?"

"ಕಾರ್ಖಾನಿ, ದವಾಖಾನಿ, ಬ್ಯಾಂಕು, ನೇಮಕಾತಿ ಕಂಪನಿ. ಪಿಎಚ್.ಡಿ. ಮಾಡಿದರ ಕಾಲೇಜಿನ್ಯಾಗ ಕಲಿಸಬಹುದು. ಹಂಗಂತ ನೌಕರಿ ಬಾಗಲಾಗ ಕಾಯಂಗಿಲ್ಲ, ನಾನೂ ಭಾಳ ಅಲೆದೀನಿ. ಓದುವಾಗನ ಇಂಟರ್ನ್‌ಶಿಪ್ ಮಾಡಬೇಕು."

"ಹಂಗಾರ ನಮ್ಮಲ್ಲಿ ಯಾಕ ಬಿಟ್ಟು ಹೊಕ್ಕಾರ, ಹೇಳು ನೋಡೂಣು."

"ಹೋದವರನ್ನ ಕೇಳೀರೇನು?"

ಉತ್ತರ ಬಂದದ್ದು ಮಾಶಾಬಿಯಿಂದ. "ಎಲ್ಲಾರಿಗೂ ಗೊತ್ತೈತ್ರಿ ಅಮ್ಮಾರ. ನೀವು ಭಾಳ ಬೈತೀರಿ."

ಶಂಕ್ರಮ್ಮ ಬೈಯಲು ಬಾಯಿ ತೆರೆದಳು. ಮತ್ತೆ ಮುಚ್ಚಿದಳು. ಎದ್ದು ಹೋಗಿ ಬಾಗಿಲಿನ ಲಿಂಬೆಹಣ್ಣು ಬಿಚ್ಚಿದಳು.

ರವಿವಾರ ತಳಕಲ್ಲಿನವರು ಬಂದರು. ವರ ಕೊಟ್ರೇಶನ ಸೋದರಮಾವ ಕರಿಬಸಪ್ಪ ಅವಲಕ್ಕಿ ಮುಗಿಸಿ ಕೇಳಿದರು: "ಹುಡುಗಿಗೆ ರೊಟ್ಟಿ ಬರತೈತೇನ್ರಿ?"

ಶಂಕ್ರಮ್ಮ ಹಿಟ್ಟಿನ ಪರಾತವನ್ನು ಕೊಟ್ರೇಶನ ಮುಂದೆ ಸರಿಸಿದಳು. "ಬಾಯಿಮಾತು ನಂಬೋದು ಬಿಟ್ಟೀವ್ರಿ. ಮೊದಲ ನಿಮ್ಮ ಹುಡುಗ ಒಂದು ತಟ್ಟಿ ತೋರಿಸಲಿ."

ಪಾಪ, ಹುಡುಗ ಒಳ್ಳೆಯವನು, ತಟ್ಟಿದ. ಹಿಟ್ಟು ಮೊಣಕೈವರೆಗೆ ಮೆತ್ತಿಕೊಂಡಿತು.

"ಇವಗ ಇನ್ನೂ ಎರಡು ವರ್ಷ ತರಬೇತಿ ಬೇಕ್ರಿ," ಎಂದಳು ಶಂಕ್ರಮ್ಮ. "ಅಷ್ಟರಾಗ ನಮ್ಮಾಕಿ ಎಂ.ಎಸ್ಸಿ. ಮುಗಿಸ್ತಾಳ. ಅರ್ಜಿ ನಿನ್ನೇನ ಹಾಕೀವಿ."

ಒಳಗಿದ್ದ ಲಲಿತಾ ಸಂತೋಷಕ್ಕೆ ಮತ್ತೆ ಅತ್ತಳು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಪದವಿ ಮುಗಿಸಿದವರಿದ್ದರೆ ಓದಿನ ಹೆಸರು ಕೇಳಿಯೇ ಹೆದರಬೇಡಿ. ಅದನ್ನು ಓದಿದವರನ್ನು ಕೇಳಿ. ವಿಶ್ವವಿದ್ಯಾಲಯಕ್ಕೆ ಯು.ಜಿ.ಸಿ. ಮಾನ್ಯತೆ ಇದೆಯೇ, ಈ ವಿಷಯವನ್ನು ಅಲ್ಲಿ ನಿಜವಾಗಿ ಕಲಿಸುತ್ತಾರೆಯೇ, ನಿಮ್ಮ ಪದವಿಗೆ ಪ್ರವೇಶ ಸಿಗುತ್ತದೆಯೇ, ವಿದ್ಯಾರ್ಥಿವೇತನ ಉಂಟೇ ಎಂದು ವಿಚಾರಿಸಿ. ಕೊನೆಯ ದಿನ ಕಳೆಯುವ ಮೊದಲು ಅರ್ಜಿ ಹಾಕಿಸಿ. ಲಿಂಬೆಹಣ್ಣು ಆಮೇಲೆ ಕಟ್ಟಿದರಾಯಿತು.